ಸೂರ್ಯ ಮಾತು ನುಂಗಿದ ಭಾನುವಾರ

ಮೊನ್ನೆ ಪುಣೆಯ ಹಿಂಜವಾಡಿಯಿಂದ ಮನೆಗೆ ಬರುವಾಗ ಕಂಪನಿ ಕ್ಯಾಬಿನ ಡ್ರೈವರ್ ರೇಡಿಯೋ ಹಚ್ಚಿದ. ಯಾವ ಸ್ಟೇಷನ್ನೂ ಹತ್ತದೆ ಗಾಡಿಯ ತುಂಬ ಸೊರ್ರೆನ್ನುವ ಸದ್ದು ತುಂಬಿಕೊಂಡಿತು. ಅವನು ಗಡಬಡಿಸಿ ಆರಿಸಲು ಹೋದಾಗ "ರಾಹೂ ದ್ಯಾ," ಇರಲಿ ಬಿಡಿ ಎಂದೆ. ಅವನಿಗೆ ಆಶ್ಚರ್ಯವಾಗಿರಬೇಕು. ಕಣ್ಣು ಮುಚ್ಚಿದರೆ ನಾನು ನಿಗಡಿಯ ನಮ್ಮ ಹಳೆಯ ಮನೆಯ ಮಹಡಿ ಕೋಣೆಯಲ್ಲಿದ್ದೆ. ಬಿಸಿಯಾದ ತಂತಿಯ ವಾಸನೆ, ಕಿಟಕಿಯ ಬಿಸಿಲಲ್ಲಿ ತೇಲುವ ಧೂಳು, ಅಜ್ಜನ ಅಂಗಿಗೆ ಹತ್ತಿದ ನಶ್ಯದ ಘಾಟು. ತಮ್ಮ ಮನೆಯ ಒಂದು ಸದ್ದನ್ನು ಕಳಕೊಂಡವರಿಗೆ ನಾನು ಹೇಳುವುದು ತಿಳಿದೀತು.

ಅಜ್ಜ ಧಾರವಾಡದವರು. ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿದ್ದರು. ಲೈಸನ್ಸ್ ಪಡೆದು ಮನೆಯಿಂದಲೇ ದೂರದೇಶದ ಜನರ ಜೊತೆ ರೇಡಿಯೋದಲ್ಲಿ ಮಾತಾಡುವ ಹವ್ಯಾಸ ಅವರಿಗೆ ಹರೆಯದಿಂದಲೂ ಇತ್ತು. ಗಚ್ಚಿಯಿಂದ ಹಿತ್ತಲಿನ ಅಶೋಕ ಮರದವರೆಗೆ ಎಳೆದಿದ್ದ ತಂತಿಯ ಮೇಲೆ ಅಜ್ಜಿ ಒಂದೊಂದು ಸಲ ಪಂಚೆ ಒಣಹಾಕಿ ಬೈಸಿಕೊಳ್ಳುತ್ತಿದ್ದಳು. ಈ ಹವ್ಯಾಸ ಇದ್ದವರಿಗೆ ಸೂರ್ಯನ ಮೇಲೂ ಒಂದು ಕಣ್ಣಿರಬೇಕಾಗುತ್ತದೆ, ಯಾಕೆಂದರೆ ಅವರ ಮಾತು ಆಕಾಶಕ್ಕೆ ಬಡಿದು ತಿರುಗಿ ಇಳಿಯಬೇಕು, ಆ ಆಕಾಶವನ್ನು ಕೆಡಿಸುವವನು, ನೆಟ್ಟಗಿಡುವವನು ಅವನೇ. ಅಜ್ಜ ನನ್ನನ್ನು ಗಚ್ಚಿಗೆ ಕರೆದೊಯ್ದು, ದುರ್ಬೀನಿನ ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಸೂರ್ಯನ ಬಿಂಬವನ್ನು ಬಿಳಿ ರಟ್ಟಿನ ಮೇಲೆ ಬೀಳಿಸಿ ತೋರಿಸುತ್ತಿದ್ದರು. ಕರಿ ಎಳ್ಳಿನಂಥ ಕಲೆಗಳು. "ಸೂರ್ಯನ್ನ ನೆಟ್ಟಗ ನೋಡಬಾರದು ಶಾಲೂ, ಹಿಂಗ ರಟ್ಟಿನ ಮ್ಯಾಲೇನ ನೋಡಬೇಕು," ಎನ್ನುತ್ತಿದ್ದರು. ಆ ಕಲೆಗಳ ಹತ್ತಿರವೇ ಸೌರಜ್ವಾಲೆ ಏಳುತ್ತದೆ, ಆದರೆ ಅದು ನಮ್ಮ ರಟ್ಟಿನ ಮೇಲೆ ಕಾಣುವುದಿಲ್ಲ, ಅದಕ್ಕೆ ಬೇರೆಯೇ ಗಾಜು ಬೇಕು ಎಂದೂ ಹೇಳಿದ್ದರು. ಎ, ಬಿ, ಸಿ, ಎಂ, ಎಕ್ಸ್ ಎಂದು ಜ್ವಾಲೆಗಳಿಗೆ ದರ್ಜೆಗಳಿವೆ, ಒಂದಕ್ಕಿಂತ ಮುಂದಿನದು ಹತ್ತು ಪಟ್ಟು ಜೋರು. ನಾವಿಬ್ಬರೂ ಅಜ್ಜಿಯ ಸಿಟ್ಟಿಗೂ ಅದೇ ದರ್ಜೆ ಕೊಡುತ್ತಿದ್ದೆವು. ಪಂಚೆಯ ವಿಷಯಕ್ಕೆ ಬಂದದ್ದು ಎಂ ದರ್ಜೆಯದು.

ಅಜ್ಜನಿಗೆ ಒಬ್ಬನೇ ತಮ್ಮ, ವಸಂತ. ಅವರು ನೈರೋಬಿಯಲ್ಲಿದ್ದರು. ಅಣ್ಣ ತಮ್ಮ ಕೂಡಿಯೇ ರೇಡಿಯೋ ಕಲಿತವರು. ಆದರೆ ನಾನು ಹುಟ್ಟುವ ಮೊದಲೇ ಅವರ ಮಾತು ನಿಂತಿತ್ತು. ಮುತ್ತಜ್ಜಿ ಧಾರವಾಡದಲ್ಲಿ ಸುಡುಬೇಸಿಗೆಯಲ್ಲಿ ತೀರಿಕೊಂಡಾಗ ವಸಂತಜ್ಜ ಹೊರಟು ದಾರಿಯಲ್ಲಿದ್ದರು. ಬಳಗದ ಹಿರಿಯರು ಇಷ್ಟು ಬಿಸಿಲಲ್ಲಿ ಇಡುವುದು ಬೇಡ ಎಂದರು, ಅಜ್ಜ ಹೂಂ ಎಂದರು. ವಸಂತಜ್ಜ ಬಂದು ಮುಟ್ಟಿದಾಗ ದಹನ ಮುಗಿದು ಅಂಗಳ ತೊಳೆದಾಗಿತ್ತು. ಅವರು ಒಂದು ತುತ್ತು ಉಣ್ಣದೆ ಹೊರಟುಹೋದರು.

ಎಷ್ಟೋ ವರ್ಷಗಳ ಮೇಲೆ ಒಂದು ಭಾನುವಾರ ಅಜ್ಜ ಯಾರಾದರೂ ಇದ್ದೀರಾ ಎಂದು ಎಂದಿನಂತೆ ಕೂಗುತ್ತಿದ್ದಾಗ ಆಫ್ರಿಕಾದ ಕಡೆಯಿಂದ ಕನ್ನಡದಲ್ಲಿ ಉತ್ತರ ಬಂತು. ಅದು ವಸಂತಜ್ಜನ ದನಿ. ಅಲ್ಲಿಂದ ಪ್ರತಿ ಭಾನುವಾರ ನಾಷ್ಟಾ ಆದಮೇಲೆ ಇಬ್ಬರೂ ಮಾತಾಡತೊಡಗಿದರು. ಮಾತೇನು? ನಿನ್ನ ದನಿ ಛಲೋ ಕೇಳಸ್ತದ, ಓವರ್. ಇಲ್ಲಿ ಮಳಿ ಬಂತು, ಓವರ್. ಒಬ್ಬರು ಓವರ್ ಎಂದಮೇಲೇ ಇನ್ನೊಬ್ಬರ ಪಾಳಿ. "ಅಣ್ಣತಮ್ಮರು ಮಾತಾಡಿಧಂಗ ಇಲ್ಲ, ಹವಾಮಾನ ಇಲಾಖೆಯವರು ಮಾತಾಡಿಧಂಗ ಅದ," ಎಂದು ಅಜ್ಜಿ ಕೆಳಗಿನಿಂದ ಕೂಗುತ್ತಿದ್ದಳು.

ನಾನು ಹೇಳಹೊರಟ ಭಾನುವಾರ ಬಿಸಿಲು ನಿಚ್ಚಳವಾಗಿತ್ತು. ಮಳೆ, ಬಿಸಿಲು ಎಲ್ಲ ಮುಗಿದಮೇಲೆ ವಸಂತಜ್ಜನ ದನಿ ಸ್ವಲ್ಪ ತಡೆಯಿತು. ಆಮೇಲೆ, "ಅಣ್ಣಾ, ಅವತ್ತ ಅವ್ವನ ಮಾರಿ..." ಎಂದಿತು. ಎಂದದ್ದೇ ಬಾವಿಗೆ ಇಳಿದಂತೆ ಕೆಳಕೆಳಗೆ ಹೋಗಿ ನಿಂತೇಬಿಟ್ಟಿತು. ದನಿ ಅಷ್ಟೇ ಅಲ್ಲ, ಹಿಂದಿನ ಸೊರ್ರೆನ್ನುವ ಸದ್ದೂ ಹೋಯಿತು. ಅಂಥ ಮೌನವನ್ನು ಆ ಕೋಣೆಯಲ್ಲಿ ನಾನು ಹಿಂದೆಂದೂ ಕೇಳಿರಲಿಲ್ಲ.

ಅಜ್ಜಿ ಕೈ ಒರೆಸಿಕೊಳ್ಳುತ್ತ ಮೇಲೆ ಬಂದಳು. "ಏನಾತ್ರಿ?" ಎಂದಳು. ಅಜ್ಜನ ಮುಖ ನೋಡಿ ಅವಳೂ ಮೆತ್ತಗಾದಳು. "ಸಿಟ್ಟಿಲೆ ಬಂದ್ ಮಾಡಿದ್ನೇನೋ. ಬಿಡ್ರಿ, ಊಟಕ್ಕ ಬರ್ರಿ."

ಅಜ್ಜ ಗುಂಡಿ ತಿರುಗಿಸಿದರು. ಈ ತುದಿಯಿಂದ ಆ ತುದಿಯವರೆಗೆ ಒಂದು ಸ್ಟೇಷನ್ನೂ ಇಲ್ಲ. ಚೀನಾದವರಿಲ್ಲ, ಅರಬರಿಲ್ಲ. ಕೆಳಗೆ ಅಡಿಗೆಮನೆಯಲ್ಲಿ ಅಜ್ಜಿಯ ಸಣ್ಣ ರೇಡಿಯೋ ಮಾತ್ರ ಪುಣೆ ಕೇಂದ್ರದ ಮರಾಠಿ ಹಾಡು ಹಾಡುತ್ತಲೇ ಇತ್ತು.

"ನನ್ನ ರೇಡಿಯೋ ಛಲೋ ಅದ. ನಿಮ್ಮದs ಕೆಟ್ಟದ," ಎಂದಳು ಅಜ್ಜಿ.

"ನಿನ್ನದು ಊರಾಗಿನ ದನಿ, ನೆಲದ ಗುಂಟ ಬರ್ತದ. ನನ್ನದು ಆಕಾಶದಾಗ ಹಾದು ಬರಬೇಕು. ವಸಂತ ಅಲ್ಲ, ಸೂರ್ಯ ಬಂದ್ ಮಾಡ್ಯಾನ," ಎಂದರು ಅಜ್ಜ. ಸೂರ್ಯನ ಮೇಲೆ ದೊಡ್ಡ ಜ್ವಾಲೆ ಎದ್ದಿದೆ, ಬೆಳಕಿನ ಸಂಗಡವೇ ಅದರ ಕಿರಣಗಳು ಬಂದು ಆಕಾಶದ ಕೆಳಪದರನ್ನು ದಪ್ಪ ಮಾಡಿವೆ, ಆ ಪದರು ನಮ್ಮ ಮಾತುಗಳನ್ನು ನುಂಗುತ್ತಿದೆ ಎಂದು ನನಗೆ ಹೇಳಿದರು. ಗಚ್ಚಿಗೆ ಓಡಿ ರಟ್ಟು ಹಿಡಿದೆವು. ಬಿಂಬದ ನಡುವೆ ಹಿಂದೆಂದೂ ಕಾಣದಷ್ಟು ದೊಡ್ಡ ಕಲೆಗಳ ಗುಂಪಿತ್ತು. ಜ್ವಾಲೆ ಕಾಣಲಿಲ್ಲ. ಅಜ್ಜನಿಗೆ ಖಾತ್ರಿಯಿತ್ತು ಎಂದು ಆಗ ತಿಳಿದಿದ್ದೆ. ಈಗ ನೆನೆದರೆ, ಅವರು ಮತ್ತೆ ಮತ್ತೆ ದುರ್ಬೀನು ಸರಿಮಾಡಿ ಆ ಕಾಣದ ಜ್ವಾಲೆಯನ್ನೇ ಹುಡುಕುತ್ತಿದ್ದರು.

ಅಜ್ಜ ಕೆಳಗಿಳಿದು ಮತ್ತೆ ರೇಡಿಯೋ ಮುಂದೆ ಕೂತರು. ಅಜ್ಜಿ ಮತ್ತೊಮ್ಮೆ ಊಟಕ್ಕೆ ಕರೆದಳು.

"ಅವ ಇನ್ನೂ ಓವರ್ ಅಂದಿಲ್ಲ," ಎಂದರು ಅಜ್ಜ.

ಅಜ್ಜಿ ಕೆಳಗೆ ಹೋಗಲಿಲ್ಲ. ಬಾಗಿಲಿಗೆ ಒರಗಿ ಕೂತಳು. ಬಿಸಿಲು ಕಿಟಕಿಯಿಂದ ಸರಿದು ಗೋಡೆ ಹತ್ತಿತು. ಮೊದಲು ಆ ಸೊರ್ರೆನ್ನುವ ಸದ್ದು ತೆಳ್ಳಗೆ ಮರಳಿತು, ಆಮೇಲೆ ಅದರೊಳಗಿಂದ ಒಂದು ದನಿ. "...ಅಣ್ಣಾ, ಇದ್ದೀ ಏನು? ನಾ ಕೇಳಿದ್ದು ಮುಟ್ಟಿತೇನು? ನೀ ಎದ್ದು ಹೋದಿ ಅಂತ ತಿಳದೆ. ಓವರ್."

"ಎಲ್ಲೂ ಹೋಗಿಲ್ಲಪಾ. ಅವ್ವನ ಮಾರಿ ಅಂದಿ, ಅಲ್ಲಿಗೆ ನಿಂತತು. ಮತ್ತ ಹೇಳು. ಓವರ್."

"ಕಡೀಕ ಅವ್ವನ ಮಾರಿ ಹೆಂಗಿತ್ತು ಅಂತ ಕೇಳಿದೆ, ಅಣ್ಣಾ. ಓವರ್."

ಅಜ್ಜ ಹೇಳಿದರು. ನಿದ್ದೆ ಹತ್ತಿದಂತೆ ಇತ್ತು, ಹಣೆಯ ಗೆರೆಗಳೆಲ್ಲ ಹೋಗಿದ್ದವು, ನಮ್ಮನ್ನು ಎತ್ತಿ ಆಡಿಸುವಾಗಿನ ಮುಖ ಆಗಿತ್ತು ಎಂದರು. "ವಸಂತ ಹಸದು ಬರ್ತಾನ, ಬಂದ ಕೂಡಲೆ ಉಣಸ್ರಿ ಅಂದಿದ್ಲು. ಅದs ಕಡೀ ಮಾತು. ನೀ ಉಣ್ಣದ ಹೋದಿ. ನಾ ನಿನ್ನ ಕಾಯಬೇಕಿತ್ತೋ ವಸಂತಾ, ಕಾಯಲಿಲ್ಲ." ಇಷ್ಟು ಹೇಳಿ ಮೈಕು ಕೆಳಗಿಟ್ಟರು. ಓವರ್ ಎನ್ನಲು ಮರೆತರು. ಆ ಕಡೆಯಿಂದ ಅಳುವ ಸದ್ದು ಏರುತ್ತ ಇಳಿಯುತ್ತ ಕೇಳುತ್ತಿತ್ತು. ಬಾಗಿಲಲ್ಲಿ ಅಜ್ಜಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು.

ಆ ಚಳಿಗಾಲದಲ್ಲಿ ವಸಂತಜ್ಜ ನಿಗಡಿಗೆ ಬಂದರು. ಅಜ್ಜಿ ರೊಟ್ಟಿ ಬಡಿದು, ಜುಣಕ ಮಾಡಿ, ಬೇಡ ಬೇಡ ಎಂದರೂ ಬೆಣ್ಣೆ ಹಾಕಿ ಉಣಿಸಿದಳು. ಆಮೇಲೆ ಅಣ್ಣತಮ್ಮರು ಗಚ್ಚಿಯ ಮೇಲೆ ಎರಡು ಕುರ್ಚಿ ಹಾಕಿಕೊಂಡು ಕೂತರು. ಹದಿನೈದು ದಿನ ಇದ್ದರು, ಕೂತಲ್ಲಿ ಒಂದು ಮಾತಿಲ್ಲ. ರಟ್ಟಿನ ಮೇಲೆ ಸೂರ್ಯನನ್ನು ನೋಡುವುದು, ಚಹಾ ಕುಡಿಯುವುದು, ನಗುವುದು. ತಿರುಗಿ ನೈರೋಬಿ ಮುಟ್ಟಿದ ಮೇಲೆ ಮತ್ತೆ ರೇಡಿಯೋದಲ್ಲಿ ತಾಸುಗಟ್ಟಲೆ ಹರಟೆ.

ಇಬ್ಬರೂ ಒಂದೇ ವರ್ಷ ತೀರಿಕೊಂಡರು, ಮೊದಲು ತಮ್ಮ, ಮಳೆಗಾಲ ಕಳೆದಮೇಲೆ ಅಣ್ಣ. ಮನೆಯನ್ನು ಬಿಲ್ಡರಿಗೆ ಕೊಟ್ಟೆವು. ತಂತಿ ಬಿಚ್ಚುವ ದಿನ ಅಜ್ಜಿ ಗಚ್ಚಿಗೆ ಬಂದು ಆ ಖಾಲಿ ಕುರ್ಚಿಗಳನ್ನು ನೋಡುತ್ತ ನಿಂತಳು. ನಾನು ಅವಳ ಕೈ ಹಿಡಿದುಕೊಂಡೆ, ಅತ್ತಾಳು ಎಂದು. ಅವಳು ನಕ್ಕಳು. "ಅಲ್ಲಿ ಮ್ಯಾಲೆ ಇಬ್ಬರೂ ಮಗ್ಗಲಕ ಮಗ್ಗಲ ಕೂತಿರ್ತಾರ ನೋಡು, ಬಾಯಿ ಮುಚಗೊಂಡು. ಮಾತಾಡಸ್ಲಿಕ್ಕೆ ನಾನs ಹೋಗಬೇಕು," ಎಂದಳು. ಈಗ ಅವಳೂ ಹೋಗಿದ್ದಾಳೆ.