ಯಂತ್ರದ ಮಾತು ಓದುತ್ತಿದ್ದ ಅನಸೂಯಾ ಮೇಡಂ

ಅನಸೂಯಾ ಮೇಡಂ ಕಂಪ್ಯೂಟರಿನ ಪ್ರೊಸೆಸರ್ ಜೊತೆ ಜಗಳವಾಡುತ್ತಿದ್ದರು. ಗದಗಿನ ನಮ್ಮ ಡಿಪ್ಲೊಮಾ ಕಾಲೇಜಿಗೆ ಹೊಸದಾಗಿ ಬಂದವರು, ಯಾರನ್ನು ಬೈಯುತ್ತಿದ್ದಾರೆಂದು ಲ್ಯಾಬಿನೊಳಗೆ ಇಣುಕುತ್ತಿದ್ದರು. ಅಲ್ಲಿ ಅವರೊಬ್ಬರೇ. ಮೂಗಿನ ತುದಿಗೆ ಕನ್ನಡಕ, ಎದುರಿಗೆ ಪರದೆ. "ಯಾಕಪಾ, ಅಲ್ಯಾಕ ಹೊಳ್ಳಿದಿ? ಸೀದಾ ಹೋಗು ಅಂದಿದ್ನಲ್ಲ!"

ಹುದ್ದೆಯಲ್ಲಿ ಅವರು ಲ್ಯಾಬ್ ಸಹಾಯಕಿ. ಕಂಪ್ಯೂಟರ್ ಹಚ್ಚುವುದು, ಆರಿಸುವುದು, ಹಾಜರಿ ಹಿಡಿಯುವುದು. ಪಾಠ ಹೇಳುವ ಅಧಿಕಾರವಿರಲಿಲ್ಲ. ಆದರೂ ಕುರ್ತಕೋಟಿಯಿಂದ ಬಸ್ಸಿಗೆ ಬರುತ್ತಿದ್ದ ನನಗೆ ನಿಜವಾಗಿ ಕಲಿಸಿದವರು ಅವರೇ. ನಾವು ಬರೆದ ಪ್ರೋಗ್ರಾಂ ಯಂತ್ರಕ್ಕೆ ಹೇಗೆ ಕಾಣುತ್ತದೆಂದು ತೋರಿಸುವ ತಂತ್ರಾಂಶ ಅವರ ಬಳಿ ಇತ್ತು. ಎಡಕ್ಕೆ ನಮ್ಮ ಒಂದು ಸಾಲು, ಬಲಕ್ಕೆ ಅದರಿಂದ ಹುಟ್ಟಿದ ಸಣ್ಣ ಸಣ್ಣ ಆದೇಶಗಳು: ಇದನ್ನು ಎತ್ತಿಕೋ, ಅದಕ್ಕೆ ಕೂಡಿಸು, ಸೊನ್ನೆಯಾದರೆ ಅಲ್ಲಿಗೆ ಜಿಗಿ.

"ಅಂವ ಭಾಳ ಶಾಣ್ಯಾ ಅಂತ ತಿಳ್ಕೋಬ್ಯಾಡ್ರಿ. ಹೇಳಿದಷ್ಟ ಮಾಡ್ತಾನ. ತಪ್ಪಾದ್ರ ನಾವ ತಪ್ಪ ಹೇಳೇವಿ, ಖರೆ," ಎನ್ನುತ್ತಿದ್ದರು.

ಲಕ್ಷ್ಮೇಶ್ವರದಲ್ಲಿ ನನ್ನ ಸೋದರತ್ತೆ ಕಣ್ಣು ಕಾಣದ ಮಕ್ಕಳಿಗೆ ಪಾಠ ಹೇಳುತ್ತಾರೆ. ಯಾರೋ ಪುಣ್ಯಾತ್ಮರು ಅವರಿಗೊಂದು ಬ್ರೈಲ್ ಮುದ್ರಣ ಯಂತ್ರ ಕೊಟ್ಟಿದ್ದರು. ಕನ್ನಡ ಬರಹವನ್ನು ಬ್ರೈಲ್ ಚುಕ್ಕಿಗಳಿಗೆ ತಿರುಗಿಸುವ ಪ್ರೋಗ್ರಾಂ ನಾನು ಬರೆದದ್ದು. ಅದರಲ್ಲೊಂದು ದೋಷವಿತ್ತು: 'ಸೂರ್ಯ' ಎಂದು ಕೊಟ್ಟರೆ 'ಸೂರಯ' ಎಂದು ಬರುತ್ತಿತ್ತು. ತಿಂಗಳಿಂದ ಹುಡುಕುತ್ತಿದ್ದರೂ ಸಿಕ್ಕಿರಲಿಲ್ಲ. ಮಂಗಳವಾರ ಮಕ್ಕಳ ಪರೀಕ್ಷೆ, ಅಷ್ಟರೊಳಗೆ ಪಾಠಗಳು ಅಚ್ಚಾಗಬೇಕಿತ್ತು. ಶನಿವಾರ ತಿದ್ದಲು ಕೂತವಳು, ಬೇಡದ ಕಡತಗಳನ್ನು ಅಳಿಸುವ ಭರದಲ್ಲಿ ಅಕ್ಷರದ ನಿಯಮಗಳಿದ್ದ ಮೂಲ ಕಡತವನ್ನೇ ಅಳಿಸಿಬಿಟ್ಟೆ. ಬೇರೆ ಪ್ರತಿಯೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಅವುಚಿಕೊಂಡು ಬೆಟಗೇರಿಯಲ್ಲಿದ್ದ ಮೇಡಂ ಮನೆಗೆ ಹೋದೆ. ಮೇಡಂ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದರು. ನಾನು ಅಳುತ್ತಲೇ ಎಲ್ಲ ಹೇಳಿದೆ.

"ಅಳೋದು ಆಮ್ಯಾಲೆ. ಕ್ಯಾಶ್ ಫೋಲ್ಡರ್ ಅಳಿಸೀಯೇನು?"

"ಇಲ್ರೀ."

"ಹಂಗಾರ ಜೀವ ಐತಿ. ಒಳಗ ಬಾ."

ಪದೇ ಪದೇ ಅನುವಾದಿಸುವ ತ್ರಾಸು ಬೇಡವೆಂದು, ನಮ್ಮ ಪ್ರೋಗ್ರಾಮನ್ನು ಯಂತ್ರ ತನ್ನ ಆದೇಶಗಳಿಗೆ ತಿರುಗಿಸಿ ಕ್ಯಾಶ್ ಫೋಲ್ಡರಿನಲ್ಲಿ ಒಂದು ಪ್ರತಿ ಬಚ್ಚಿಟ್ಟುಕೊಂಡಿರುತ್ತದೆ. ಆ ಪ್ರತಿ ಉಳಿದಿತ್ತು. ಅದನ್ನು ಹಾಗೆಯೇ ಓಡಿಸಬಹುದಿತ್ತು, ಆದರೆ ತಿದ್ದಲು ಬರುತ್ತಿರಲಿಲ್ಲ. ಮೇಡಂ ಅದನ್ನು ಬಿಡಿಸಿ ತೋರಿಸುವ ತಂತ್ರಾಂಶ ತೆರೆದರು. ಪರದೆಯ ತುಂಬ ಆದೇಶಗಳು ಇಳಿದವು. "ಇವು ಸೀದಾ ಪ್ರೊಸೆಸರಿಗೆ ಹೇಳೂ ಹುಕುಂ ಅಲ್ಲ, ಅದಕಿಂತ ಒಂದು ಮೆಟ್ಟಲ ಮ್ಯಾಲಿನವು. ಆದ್ರ ಅದ ಮನೆತನದವು," ಎಂದರು.

ಅವರು ಓದುತ್ತ ಅರ್ಥ ಹೇಳಿದರು. ನಾನು ಮತ್ತೆ ಪ್ರೋಗ್ರಾಂ ಬರೆಯುತ್ತ ಹೋದೆ. ಮಧ್ಯಾಹ್ನದ ಹೊತ್ತಿಗೆ ಒಂದು ಸಾಲಿನ ಮೇಲೆ ಅವರ ಬೆರಳು ನಿಂತಿತು.

"ಎಲಾ ಇವನ! ಇಲ್ಲಿ ನೋಡು. 'ರ' ಮುಂದ ಒತ್ತಿನ ಗುರ್ತು ಬಂದ್ರ, ಅದನ್ನ ಬರಿಯದ ಎರಡು ಹೆಜ್ಜಿ ಮುಂದಕ್ಕ ಜಿಗಿಯಾಕತ್ತೈತಿ. ಅದಕ್ಕ 'ಸೂರ್ಯ' ಹೋಗಿ 'ಸೂರಯ' ಆಗೈತಿ!"

ತಿಂಗಳಿಂದ ನನ್ನ ಕಣ್ಣಿಗೆ ಬೀಳದ್ದು ಅದು. ನಾನು ತಿದ್ದಲು ಕೈ ಹಾಕಿದರೆ ತಡೆದರು. "ತಡಿ. ಮೊದ್ಲ ಇದ್ದದ್ದು ಇದ್ದಂಗ ಬಂದೈತೇನು ನೋಡೂಣು." ನಾನು ಬರೆದದ್ದನ್ನು ಮತ್ತೆ ಯಂತ್ರದ ಆದೇಶಗಳಿಗೆ ತಿರುಗಿಸಿ, ಹಳೆಯದರ ಪಕ್ಕ ಇಟ್ಟು ಹೋಲಿಸಿದೆವು. ಸಾಲಿಗೆ ಸಾಲು ಕೂಡಿತು. "ಗೆದ್ದಿ ನೋಡಲೇ!" ಎಂದು ಮೇಡಂ ಬೆನ್ನ ಮೇಲೆ ಗುದ್ದಿದ್ದು ಎರಡು ದಿನ ನೋಯುತ್ತಿತ್ತು. ಆಮೇಲೆ ದೋಷ ತಿದ್ದಲು ಐದು ನಿಮಿಷವೂ ಹಿಡಿಯಲಿಲ್ಲ.

ಸೋಮವಾರ ಇಬ್ಬರೂ ಲಕ್ಷ್ಮೇಶ್ವರದ ಬಸ್ಸು ಹತ್ತಿದೆವು. ಅತ್ತೆಯ ಶಾಲೆಯಲ್ಲಿ ಅಚ್ಚಾದ ಮೊದಲ ಹಾಳೆಯ ಮೇಲೆ ರೇಣುಕಾ ಎಂಬ ಹುಡುಗಿ ಬೆರಳು ಓಡಿಸಿ ಕೂಗಿದಳು: "ಸೂರ್ಯ! ಟೀಚರ್, ಸೂರ್ಯ ಸರಿಯಾಗ್ಯಾನ್ರೀ!" ಮೇಡಂ ತಾವೂ ಚುಕ್ಕಿಗಳನ್ನು ಮುಟ್ಟಿ ನೋಡಿದರು. ಒಂದೂ ತಿಳಿಯದೆ ಮನಸಾರೆ ನಕ್ಕರು. "ನನಗ ಇದು ಓದಾಕ ಬರಂಗಿಲ್ಲವ್ವಾ. ನೀ ಕಲಿಸ್ತೀಯೇನು?"

ರೇಣುಕಾ ಅವರ ಬೆರಳು ಹಿಡಿದು ಮೊದಲ ಅಕ್ಷರದ ಮೇಲಿಟ್ಟಳು.

ಖಬರು ಕಾಲೇಜಿಗೆ ಮುಟ್ಟಿತು. ಮೇಡಂ ನಿವೃತ್ತಿಗೆ ಉಳಿದಿದ್ದದ್ದು ಒಂದೇ ಸೆಮಿಸ್ಟರ್. ಪ್ರಾಂಶುಪಾಲರು ತಾವೇ ಲ್ಯಾಬಿಗೆ ಬಂದು, "ಈ ಯಂತ್ರದ ಮಾತಿನ ಪಾಠ ನೀವ ಹೇಳಬೇಕ್ರಿ" ಎಂದರು. ಆ ಸೆಮಿಸ್ಟರ್ ಪೂರ್ತಿ ಮೇಡಂ ಅದನ್ನು ಕಲಿಸಿದರು. ಅಷ್ಟರಲ್ಲಿ ಡಿಪ್ಲೊಮಾ ಮುಗಿಸಿದ್ದ ನಾನೂ ಅವರ ಕೊನೆಯ ತರಗತಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಮೇಡಂ ಸೀಮೆಸುಣ್ಣ ಹಿಡಿದುಕೊಂಡೇ ನಮ್ಮ ಕಡೆ ತಿರುಗಿದರು. ನಿವೃತ್ತಿಯಾದ ಮೇಲೆ ಡೋಣಿ ಎಂಬ ಊರಿನಲ್ಲಿರುವ ತಮ್ಮ ಅಕ್ಕನ ಮನೆಗೆ ಹೊರಟುಹೋದ ಅವರನ್ನು ನಾನು ಕೊನೆಯ ಸಲ ಕಂಡದ್ದು ಹಾಗೆ: ತುಂಬಿದ ಕೋಣೆಯ ಎದುರು, ಬೋರ್ಡಿಗೆ ಬೆನ್ನು ಕೊಟ್ಟು.

"ಏಳ್ರಲೇ, ಬಸ್ ತಪ್ಪತೈತಿ," ಎಂದರು. ಆಗಲೂ ಯಾರೂ ಏಳಲಿಲ್ಲ.