ಮೊದಲ ಸಭೆಯಲ್ಲಿ ಹೇಳದೇ ಹೋದದ್ದು

ಮಾಗಡಿ ಕಡೆಯ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ನಾನು ಹದಿನೆಂಟು ವರ್ಷದಿಂದ ನರ್ಸ್. ಕೈ ನಿಧಾನ, ಆದರೆ ತಪ್ಪುವುದಿಲ್ಲ ಎಂದು ಡಾಕ್ಟರು ಹೊಸಬರಿಗೆ ನನ್ನನ್ನು ತೋರಿಸುತ್ತಿದ್ದರು. ಆ ಹೆಸರು ಉಳಿಸಿಕೊಳ್ಳಲು ಹೋಗಿಯೇ ನಾನು ಕೆಟ್ಟೆ.

ಒಂದು ಮಧ್ಯಾಹ್ನ, ಸೋಲೂರಿನಿಂದ ಜ್ವರವೆಂದು ಬಂದು ಸೇರಿದ್ದ ರೈತರೊಬ್ಬರಿಗೆ ಇಂಜೆಕ್ಷನ್ ಕೊಡಬೇಕಿತ್ತು. ಪುಡಿ ಔಷಧಿಯನ್ನು ಶುದ್ಧ ನೀರಿನಲ್ಲಿ ಕರಗಿಸಿ ಕೊಡುವಂಥದ್ದು. ಆ ನೀರು ಬೆರಳುದ್ದದ ಪ್ಲಾಸ್ಟಿಕ್ ಬಾಟಲಿಯಲ್ಲಿ ಬರುತ್ತದೆ. ಟ್ರೇಯಿಂದ ಒಂದನ್ನು ತೆಗೆದು ಸಿರಿಂಜಿಗೆ ಎಳೆದುಕೊಳ್ಳುತ್ತಿದ್ದಾಗ ಅವರ ಹೆಂಡತಿ ಹತ್ತಿರ ಬಂದರು.

"ಸಿಸ್ಟ್ರೇ, ಬೆಳಿಗ್ಗೆ ಹಾಕಿದ್ ನೀರಿನ್ ಬಾಟ್ಲಿಗೆ ಕೆಂಪು ಗೀಟು ಇರ್ನಿಲ್ಲ ಕಣವ್ವ. ಒಸಿ ನೋಡಿ."

"ನಮ್ಗೆ ಗೊತ್ತೈತೆ, ನೀವ್ ಕೂತ್ಕೊಳ್ಳಿ" ಎಂದು ಗದರಿದೆ. ಗದರಿದ ಮೇಲೆ ನೋಡಿದೆ. ಕೈಯಲ್ಲಿದ್ದದ್ದು ಅಂಥದ್ದೇ ಬಾಟಲಿಯಲ್ಲಿ ಬರುವ ಪೊಟ್ಯಾಸಿಯಂ. ಗ್ಲೂಕೋಸ್ ಬಾಟಲಿಗೆ ಬೆರೆಸಿ ಹನಿಹನಿಯಾಗಿ ಕೊಡಬೇಕಾದದ್ದು. ನೇರವಾಗಿ ರಕ್ತನಾಳಕ್ಕೆ ಹೋದರೆ ಹೃದಯವೇ ನಿಂತುಹೋಗುತ್ತದೆ. ಅದನ್ನು ಎಸೆದು ಬೇರೆ ತಂದೆ. ಗಂಡನ ಜೀವ ಉಳಿಸಿದ ಆಕೆಗೆ ಏನೂ ಹೇಳಲಿಲ್ಲ. ಸಂಜೆ ಟ್ರೇಯಲ್ಲಿ ನೀರಿನ ಜೊತೆ ಸೇರಿಹೋಗಿದ್ದ ಪೊಟ್ಯಾಸಿಯಂ ಬಾಟಲಿಗಳನ್ನೆಲ್ಲ ಆರಿಸಿ ಬೀರುವಿಗೆ ಹಾಕಿ ಬೀಗ ಜಡಿದೆ. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಅದೇ ತಿಂಗಳು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಕೆಲವು ಸಣ್ಣ ಆಸ್ಪತ್ರೆಗಳು ಸೇರಿ ರಾಮನಗರದಲ್ಲಿ ತಿಂಗಳಿಗೊಂದು ಸಭೆ ಶುರುಮಾಡಿದವು. ರೋಗಿಗಳಿಗೆ ನಮ್ಮ ಕೈಯಿಂದ ತೊಂದರೆ ಆಗಬಾರದು ಅನ್ನುವುದಷ್ಟೇ ಉದ್ದೇಶ.

"ಆದ ತಪ್ಪನ್ನೂ ಹೇಳಿ, ಇನ್ನೇನು ಆಗೋದ್ರಲ್ಲಿ ತಪ್ಪಿಹೋದದ್ದನ್ನೂ ಹೇಳಿ" ಎಂದರು ಸಭೆ ನಡೆಸುತ್ತಿದ್ದ ಹಿರಿಯ ಡಾಕ್ಟರು. "ಶಿಕ್ಷೆ ಯಾರಿಗೂ ಇಲ್ಲ. ಒಬ್ರು ಹೇಳಿದ್ರೆ ಮಿಕ್ಕೋರು ಹುಷಾರಾಗ್ತಾರೆ."

ನನ್ನ ಪಕ್ಕದಲ್ಲಿ ಚನ್ನಪಟ್ಟಣ ಕಡೆಯ ಒಬ್ಬ ನರ್ಸ್ ಕೂತು ಪ್ರತಿ ಮಾತನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ನನ್ನ ಸರದಿ ಬಂತು.

"ನಮ್ಮಲ್ಲಿ ಅಂಥದ್ದೇನೂ ಆಗಿಲ್ಲ ಸರ್" ಎಂದೆ.

ಮುಂದಿನ ತಿಂಗಳ ಸಭೆಯಲ್ಲಿ ಆ ಚನ್ನಪಟ್ಟಣದ ನರ್ಸೇ ಮೊದಲು ಎದ್ದು ನಿಂತಳು. "ನೀರಿಂದೂ ಪೊಟ್ಯಾಸಿಯಂದೂ ಬಾಟ್ಲು ಒಂದೇ ಥರ ಇದ್ವು. ನೀರು ಅಂತ್ಲೇ ತಗೊಂಡೆ ಸರ್." ಹಿಂದಿನ ವಾರ ಅವಳ ಕೈಯಲ್ಲಿ ಇಂಜೆಕ್ಷನ್ ತೆಗೆದುಕೊಂಡಿದ್ದ ಹೆಂಗಸು, ರೇಷ್ಮೆ ನೂಲು ತೆಗೆಯುವ ಕೆಲಸದವಳು, ಮಂಚದ ಮೇಲೇ ಹೋಗಿಬಿಟ್ಟಿದ್ದಳು.

ಆಗ ನಾನೂ ಎದ್ದು ನನ್ನದನ್ನು ಹೇಳಿದೆ. ಯಾರೂ ನನ್ನನ್ನು ಬೈಯಲಿಲ್ಲ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಪೊಟ್ಯಾಸಿಯಂ ಇನ್ನು ವಾರ್ಡಿನಲ್ಲಿ ಇಡಬೇಡಿ ಎಂದರು. ಆ ವಾರದೊಳಗೆ ಎಲ್ಲ ಆಸ್ಪತ್ರೆಗಳ ವಾರ್ಡುಗಳಿಂದಲೂ ಪೊಟ್ಯಾಸಿಯಂ ಬೀಗದ ಬೀರುವಿಗೆ ಹೋಯಿತು.

ಹೊರಗೆ ಮೆಟ್ಟಿಲ ಮೇಲೆ ಅವಳು ನನ್ನನ್ನು ತಡೆದಳು. "ಹೋದ್ ತಿಂಗ್ಳೇ ಯಾಕ್ ಹೇಳ್ನಿಲ್ಲ ಅಕ್ಕ? ನಿಮ್ ಪಕ್ಕದಾಗೇ ಕೂತಿದ್ನಲ್ಲ."

"ಹೆಸ್ರು ಹೋಯ್ತದೆ ಅನ್ಕೊಂಡೆ ಕಣಮ್ಮ."

ಅವಳು ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲು ಇಳಿದಳು. ಸ್ವಲ್ಪ ದಿನಕ್ಕೇ ಕೆಲಸ ಬಿಟ್ಟಳೆಂದು ತಿಳಿಯಿತು.

ಹೋದ ವರ್ಷ ಚನ್ನಪಟ್ಟಣದ ಹತ್ತಿರದ ದೊಡ್ಡಮಳೂರಿನಲ್ಲಿ ಅವಳ ಮನೆ ಹುಡುಕಿಕೊಂಡು ಹೋದೆ. ಮಜ್ಜಿಗೆ ಕೊಟ್ಟಳು; ಮಗಳ ಓದು, ಹಸುವಿನ ಕರು, ಎಲ್ಲದರ ಬಗ್ಗೆ ಮಾತಾಡಿದಳು. ಮತ್ತೆ ಕೆಲಸಕ್ಕೆ ಬಾ, ನಮ್ಮಲ್ಲೇ ಕೇಳುತ್ತೇನೆ ಎಂದೆ.

"ಇನ್ ನನ್ ಕೈಗೆ ಸಿರಿಂಜು ಬ್ಯಾಡ ಅಕ್ಕ" ಎಂದು ಲೋಟ ತೆಗೆದುಕೊಂಡು ಒಳಗೆ ಹೋದಳು. ಕ್ಷಮಿಸು ಎಂದು ಕೇಳಬೇಕೆಂದೇ ಅಷ್ಟು ದೂರ ಹೋಗಿದ್ದೆ. ಕೇಳದೆಯೇ ಬಸ್ಸು ಹತ್ತಿದೆ.