ತಾಯಿಕುದುರೆಯ ಹಗ್ಗ

ಕೂಡ್ಲಿಗಿ ಕಡೆಯ ನಮ್ಮೂರಿನ ಒಣ ಕೆರೆಯಂಗಳದಲ್ಲಿ ವರ್ಷಕ್ಕೊಮ್ಮೆ ಎಳೆಯ ಕುದುರೆಗಳನ್ನು ಓಡಿಸುತ್ತಾರೆ. ಈ ಓಟ ಹುಟ್ಟಿದ ಕಥೆಯನ್ನು ನನ್ನ ಅತ್ತೆ ಹೇಳುತ್ತಿದ್ದರು. ಹಿಂದೆ ಕುರಿ ಹಿಂಡಿನ ಜೊತೆ ದೂರ ಹೋಗುವಾಗ ಕಂಬಳಿ, ಪಾತ್ರೆ, ಆಗಷ್ಟೇ ಹುಟ್ಟಿದ ಕುರಿಮರಿ ಎಲ್ಲವೂ ಕುದುರೆಯ ಬೆನ್ನ ಮೇಲೆ. ಹಾಗಾಗಿ ಹೊರೆ ಹೊರಿಸುವ ಮುನ್ನ ಕುದುರೆಮರಿಗಳನ್ನು ಸಪಾಟು ನೆಲದಲ್ಲಿ ಓಡಿಸಿ, ಯಾವುದರ ಕಾಲು ಗಟ್ಟಿ ಅಂತ ನೋಡುತ್ತಿದ್ದರಂತೆ. ಈಗ ಹೊರೆಗೆ ಗೂಡ್ಸ್ ಗಾಡಿ ಬಂದಿದೆ. ಓಟ ಮಾತ್ರ ನಿಂತಿಲ್ಲ, ಗಂಡಸರಿಗೆ ಜಂಬ ಬೇಕಲ್ಲ.

ಜೀನಿಲ್ಲ, ಚಾಟಿಯಿಲ್ಲ. ಹಗುರ ಮೈಯ ಮಕ್ಕಳನ್ನು ಹೊತ್ತ ಮರಿಗಳು ಒಂದು ತುದಿಯಲ್ಲಿ, ಅವುಗಳ ತಾಯಂದಿರು ಇನ್ನೊಂದು ತುದಿಯಲ್ಲಿ ಸಾಲಾಗಿ. ತಾಯಿ ಕೆನೆದರೆ ಸಾಕು, ಮರಿ ದಿಕ್ಕು ತಪ್ಪದೆ ಓಡಿ ಬರುತ್ತದೆ. ತಾಯಿಯನ್ನು ಹಿಡಿದು ನಿಲ್ಲುವುದು ಅದಕ್ಕೆ ದಿನಾ ಮೇವು ಹಾಕುವ ಹೆಂಗಸಿನ ಕೆಲಸ. ಕೊನೆಯ ಮರಿ ಬರುವವರೆಗೂ ಹಗ್ಗ ಬಿಡುವಂತಿಲ್ಲ. ಒಂದು ತಾಯಿ ನುಗ್ಗಿದರೆ ಉಳಿದವೂ ಅದರ ಹಿಂದೆಯೇ ನುಗ್ಗುತ್ತವೆ, ಎದುರಿಗಿದ್ದವರು ಕಾಲ್ತುಳಿತಕ್ಕೆ ಸಿಗುತ್ತಾರೆ.

ಅತ್ತೆ ತೀರಿಕೊಂಡ ಮೇಲೆ ಹಗ್ಗ ನನ್ನ ಕೈಗೆ ಬಂತು. ಹೋದ ವರ್ಷ ನಮ್ಮ ಮರಿಯ ಮೇಲೆ ಕೂತವಳು ನನ್ನ ಮಗಳು. ಇರುವವಳೊಬ್ಬಳೇ. ಬೇಡ ಅಂತ ಎಷ್ಟು ಬಡಕೊಂಡೆ. ಗಂಡ ಹೊಟ್ಟೆ ಸವರಿಕೊಂಡು, "ಮತ್ತ ನಾ ಕುಂದ್ರಲೇನು? ಮರಿ ಅಲ್ಲೇ ಮಕ್ಕಂತೈತಿ ನೋಡು" ಅಂದ. ಮಗಳು ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

ಅವತ್ತು ಹಗ್ಗ ಹಿಡಿದು ನಿಂತಿದ್ದೆ. ದೂರದಲ್ಲಿ ಧೂಳೆದ್ದಿತು. ನೆಲ ನಡುಗಿದ್ದು ಮೊದಲು ಅಂಗಾಲಿಗೆ ಗೊತ್ತಾಯಿತು, ಆಮೇಲೆ ಸದ್ದು ಕೇಳಿತು. ನೇರ ನನ್ನ ಕಡೆಗೇ ಬರುತ್ತಿದ್ದವು. ಎಲ್ಲಕ್ಕಿಂತ ಮುಂದೆ ನಮ್ಮ ಮರಿ, ಅದರ ಬೆನ್ನು ಖಾಲಿ.

ಮರಿ ಬಂದು ತಾಯಿಯ ಹೊಟ್ಟೆಗೆ ಮೂತಿ ಒತ್ತಿತು. "ಗೆದ್ದೈತಲೇ!" ಅಂತ ಜನ ಕೂಗಿದರು. ಇಲ್ಲಿ ಕುದುರೆ ಬಂದರಾಯಿತು, ಸವಾರ ಇರಲೇಬೇಕೆಂದಿಲ್ಲ. ನಾನು ಮಗಳನ್ನು ಕೂಗುತ್ತಾ ಹಗ್ಗ ಬಿಟ್ಟು ಎರಡು ಹೆಜ್ಜೆ ಓಡಿದೆ. ಪಕ್ಕದಲ್ಲಿ ತನ್ನ ಕುದುರೆ ಹಿಡಿದಿದ್ದ ಮುದುಕಿ ನಮ್ಮ ಹಗ್ಗದ ತುದಿಯನ್ನು ಕಾಲಲ್ಲಿ ಮೆಟ್ಟಿ, ಬಾಗಿ ಹಿಡಿದುಕೊಂಡಳು.

"ಹಿಡಕೋ! ಇನ್ನಾ ಎರಡು ಬರಬೇಕು. ನಿನ್ನ ಮಗಳು ಆ ಧೂಳಿನ್ಯಾಗ ಬಿದ್ದಾಳ, ನೆಪ್ಪೈತೇನು?"

ತಿರುಗಿ ಬಂದು ಹಿಡಿದೆ. ಉಳಿದೆರಡು ಮರಿಗಳು ಬರುವಷ್ಟರಲ್ಲಿ ನನ್ನ ಜೀವ ಅರ್ಧ ಹೋಗಿತ್ತು. ಧೂಳು ಇಳಿದಾಗ ಮಗಳು ಎಡಗೈ ಎದೆಗೊತ್ತಿಕೊಂಡು ನಡೆದು ಬಂದಳು. ಮೂಳೆ ಮುರಿದಿತ್ತು, ಅಷ್ಟೇ.

ಆ ಮುದುಕಿ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ, ನಾಚಿಕೆಗೆ. ಕೈ ನೋಡಲು ಬಂದವರಿಗೆಲ್ಲ ಮಗಳು, "ನಮ್ಮವ್ವ ಹಗ್ಗ ಬಿಡ್ಲಿಲ್ಲ, ಅದಕ್ಕ ನಾ ಉಳಿದೆ" ಅನ್ನುತ್ತಿದ್ದಳು.

ಈಗ ಕೈ ಕೂಡಿಕೊಂಡಿದೆ. ಈ ವರ್ಷವೂ ಹತ್ತುತ್ತಾಳಂತೆ. ಹೆದರಿಕೆ ಇಲ್ಲವೇನೇ ಅಂದರೆ, "ನೀ ಅದಿಯಲ್ಲವ್ವ" ಅನ್ನುತ್ತಾಳೆ.